ಹಳೆಯ ಸ್ಪೋರ್ಟ್ಸ್ ಕಾರು ಎಳೆಯುತ್ತಿದೆಯೆ? ಅಲೈನ್‌ಮೆಂಟ್ ಕೊನೆಗೆ, ಬುಶ್ ಮೊದಲಿಗೆ

ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿ–ಧಾರವಾಡದ ನಾಲ್ವರು ಒಂದೇ ದೂರು ಹೊತ್ತು ಬಂದರು. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದ್ದಾಗಿದೆ, ಯಂತ್ರ ಕೊಟ್ಟ ಕಾಗದದಲ್ಲಿ ಅಂಕಿಗಳೆಲ್ಲ ಹಸಿರು. ಆದರೂ ಕಾರು ಎಡಕ್ಕೆ ಎಳೆಯುತ್ತದೆ, ಸ್ಟಿಯರಿಂಗ್ ಓರೆಯಾಗಿ ನಿಲ್ಲುತ್ತದೆ, ಹೊಸ ಟೈರಿನ ಒಳ ಅಂಚು ಆರು ತಿಂಗಳಲ್ಲಿ ಬೋಳಾಗುತ್ತದೆ. ನಾಲ್ಕೂ ಕಾರುಗಳು ಬೇರೆ ಬೇರೆ, ತಪ್ಪು ಮಾತ್ರ ಒಂದೇ: ಸವೆದ ಬುಶ್ಶುಗಳನ್ನು (ಚಕ್ರ ಹಿಡಿದಿರುವ ತೋಳು ಚಾಸಿಗೆ ಸೇರುವಲ್ಲಿನ ರಬ್ಬರ್ ಕೊಳವೆ) ಹಾಗೆಯೇ ಬಿಟ್ಟು ಚಕ್ರದ ಕೋನ ತಿದ್ದಿಸಿದ್ದರು. ಹಾಗೆ ತಿದ್ದಿದ ಕೋನ ಅಂಗಡಿಯ ಗೇಟು ದಾಟುವವರೆಗೆ ಮಾತ್ರ ಇರುತ್ತದೆ.

ಈ ತಪ್ಪನ್ನು ನಾನೂ ಮೂರು ಸಲ ಮಾಡಿದ್ದೇನೆ. ನನ್ನ ಕಾರು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಅಂಗಡಿಯ ಯಂತ್ರದ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಹುಡುಗ ಬೇರೊಂದು ಸೆಡಾನ್ ಕಾರಿನ ಹೆಸರು ಒತ್ತಿ, ಮುಂದಿನ ಒಂದೇ ಟೈ ರಾಡ್ (ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಸಲಾಕೆ) ತಿರುಗಿಸಿ, ಹಸಿರು ಬಂದ ಕೂಡಲೇ ಕಾಗದ ಹರಿದು ಕೊಟ್ಟ. ಹಿಂದಿನ ಚಕ್ರಗಳ ಕಡೆ ನೋಡಲೂ ಇಲ್ಲ. ಅಲ್ಲಿಂದ ಮುಂದೆ ಈ ಕೆಲಸವನ್ನು ಮನೆಯ ಅಂಗಳದಲ್ಲಿಯೇ ಮಾಡುತ್ತಿದ್ದೇನೆ.

ಶುರು ಮಾಡುವ ಮೊದಲು ನಿಮ್ಮ ಕಾರಿನಲ್ಲಿ ಏನನ್ನು ತಿದ್ದಬಹುದು ಎಂಬುದನ್ನು ತಿಳಿದುಕೊಳ್ಳಿ. ಕೋನಗಳು ಮೂರು: ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್ (ಮೇಲ್ತುದಿ ಒಳಕ್ಕಿದ್ದರೆ ನೆಗೆಟಿವ್), ಪಕ್ಕದಿಂದ ನೋಡಿದಾಗ ಚಕ್ರ ಸ್ಟಿಯರಿಂಗಿಗೆ ತಿರುಗುವ ಅಕ್ಷದ ಓರೆ ಕ್ಯಾಸ್ಟರ್, ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೆ (ಟೋ-ಇನ್) ಇಲ್ಲವೆ ಹೊರಕ್ಕೆ (ಟೋ-ಔಟ್) ತಿರುಗಿರುವುದು ಟೋ. ಎಂಎಕ್ಸ್-5ರಂತೆ ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್ (ತೋಳು), ಅಂದರೆ ಡಬಲ್ ವಿಶ್‌ಬೋನ್ ಇರುವ ಕಾರಿನಲ್ಲಿ ಲೋವರ್ ಆರ್ಮ್‌ಗಳ ಬುಡದ ಎಕ್ಸೆಂಟ್ರಿಕ್ ಬೋಲ್ಟ್ (ಇದರ ತಟ್ಟೆ ನಡುತಪ್ಪಿ ಕೂತಿರುವುದರಿಂದ ತಿರುಗಿಸಿದಾಗ ಆರ್ಮ್ ಒಳಕ್ಕೆ ಹೊರಕ್ಕೆ ಸರಿಯುತ್ತದೆ) ತಿರುಗಿಸಿ ಕ್ಯಾಂಬರ್, ಮುಂದೆ ಕ್ಯಾಸ್ಟರ್, ಹಿಂದೆ ಟೋ ಬದಲಿಸಬಹುದು. ಫಿಯೆಟ್ ಪಾಲಿಯೊ 1.6ರಂತೆ ಮುಂದೆ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಕೂಡಿದ ಕಂಬ), ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಕೂಡಿಸುವ ಅಡ್ಡ ತೊಲೆ) ಇರುವ ಕಾರಿನಲ್ಲಿ ಸುಲಭವಾಗಿ ಕೈಗೆ ಸಿಗುವುದು ಮುಂದಿನ ಟೋ ಒಂದೇ. ಅಲ್ಲಿ ಕ್ಯಾಂಬರ್ ಕೆಟ್ಟಿದ್ದರೆ ಏನೋ ಬಾಗಿದೆ ಇಲ್ಲವೆ ಸವೆದಿದೆ ಎಂದೇ ಅರ್ಥ. ಅಂಥ ಕಾರಿನವರು 7ನೇ ಹಂತದಲ್ಲಿ ಅಳತೆ ಮಾತ್ರ ತೆಗೆದುಕೊಂಡು ಮುಂದೆ ಹೋಗಿ.

ಬೇಕಾದ ಸಾಮಾನು

ಹೈಡ್ರಾಲಿಕ್ ಜಾಕ್, ತೂಕದ ಅಂಕಿ ಅಚ್ಚಾಗಿರುವ ನಾಲ್ಕು ಸ್ಟ್ಯಾಂಡ್, ಟಾರ್ಕ್ ರೆಂಚ್, ಉದ್ದ ಹಿಡಿಯ ಪಾನಾ, ಸಣ್ಣ ಹಾರೆ, ತುಕ್ಕು ಬಿಡಿಸುವ ಎಣ್ಣೆ, ಬಿಳಿ ಪೇಂಟ್ ಪೆನ್ನು, ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಪಟ್ಟಿ. ಉಳಿದದ್ದು ಗವಂಡಿಗಳ ಚೀಲದಲ್ಲಿದೆ: ಸಣ್ಣ ನೈಲಾನ್ ದಾರ, ತೂಗುಗುಂಡು, ನೀರು ತುಂಬಿದ ಲೆವೆಲ್ ಪೈಪು. ಜೊತೆಗೆ ಎಂಟು ವಿಟ್ರಿಫೈಡ್ ಟೈಲ್ಸ್ ಮತ್ತು ಒಂದು ಡಬ್ಬಿ ಗ್ರೀಸ್. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ ಕೈ ಹಾಕಬೇಡಿ. ಪ್ರತಿ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಟಾರ್ಕ್ ಅಂಕಿ ಅದರಲ್ಲಿ ಸಿಗುತ್ತದೆ.

ಹಂತ 1: ರಸ್ತೆಯಲ್ಲಿ ಲಕ್ಷಣ ಗುರುತಿಸಿ

ನಮ್ಮ ರಸ್ತೆಗಳು ನೀರು ಹರಿದುಹೋಗಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ. ಸ್ಟಿಯರಿಂಗ್ ಮೇಲಿನ ಹಿಡಿತ ಸಡಿಲಿಸಿದರೆ ಸರಿ ಇರುವ ಕಾರೂ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಆದ್ದರಿಂದ ರಸ್ತೆಯ ಇಳಿಜಾರು ಇನ್ನೊಂದು ಕಡೆಗಿರುವ ಜಾಗದಲ್ಲಿಯೂ ನೋಡಬೇಕು. ಅಲ್ಲಿಯೂ ಎಡಕ್ಕೇ ಎಳೆದರೆ ದೋಷ ಕಾರಿನದು.

ಅಣ್ಣಿಗೇರಿ, ನವಲಗುಂದದ ಕಡೆಯ ಎರೆ ನೆಲದ ರಸ್ತೆಗಳನ್ನು ಈ ಪರೀಕ್ಷೆಗೆ ಆರಿಸಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಡಾಂಬರು ಅಲೆಅಲೆಯಾಗುತ್ತದೆ, ಕಾರಿನ ತಪ್ಪು ಯಾವುದು, ರಸ್ತೆಯದು ಯಾವುದು ಗೊತ್ತಾಗುವುದಿಲ್ಲ. ಬಿಆರ್‌ಟಿಎಸ್ ಪಥ ನುಣುಪಾಗಿದೆ ನಿಜ, ಆದರೆ ಅದು ಬಸ್ಸುಗಳಿಗೆ. ಬೆಳಗಿನ ಜಾವ ಹೆದ್ದಾರಿಯ ಸಮತಟ್ಟಾದ, ನೇರವಾದ ತುಂಡೊಂದನ್ನು ಹುಡುಕಿಕೊಂಡು 60 ಕಿ.ಮೀ. ವೇಗದಲ್ಲಿ ಓಡಿಸಿ. ಕೈ ಸ್ಟಿಯರಿಂಗಿನಿಂದ ಒಂದು ಇಂಚಿಗಿಂತ ದೂರ ಹೋಗಬಾರದು.

ಸದಾ ಒಂದೇ ಕಡೆ ಎಳೆದರೆ ಟೈರ್, ಬ್ರೇಕ್, ಕ್ಯಾಂಬರ್ ಅಥವಾ ಕ್ಯಾಸ್ಟರ್ ಮೇಲೆ ಅನುಮಾನ. ಕಾರು ನೇರ ಹೋಗುತ್ತಿದ್ದು ಸ್ಟಿಯರಿಂಗ್ ಮಾತ್ರ ಓರೆ ಇದ್ದರೆ ಟೈ ರಾಡ್ ಇಲ್ಲವೆ ಹಿಂದಿನ ಟೋ. ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ತಾನೇ ತಿರುಗಿದಂತೆ ಅನಿಸಿದರೆ ಹಿಂದಿನ ಬುಶ್ ಹೋಗಿದೆ, ಅಂಥ ಕಾರನ್ನು ಅರಬೈಲ್ ಘಟ್ಟಕ್ಕೆ ಇಳಿಸಬೇಡಿ. ತಿರುಗಿಸಿದ ಸ್ಟಿಯರಿಂಗ್ ಮರಳಿ ನಡುವಿಗೆ ಬರದೆ ಅಲ್ಲೇ ನಿಂತರೆ ಬಿಗಿದುಕೊಂಡ ಬಾಲ್ ಜಾಯಿಂಟ್ (ಚಕ್ರವನ್ನು ಆರ್ಮ್‌ಗೆ ಸೇರಿಸುವ ಗುಂಡುಕೀಲು) ಅಥವಾ ತೀರ ಕಡಿಮೆ ಕ್ಯಾಸ್ಟರ್.

ಇಳಿದ ಮೇಲೆ ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿ. ಒಳಗಿನಿಂದ ಹೊರಕ್ಕೆ ಎಳೆದಾಗ ಅಂಚುಗಳು ಗರಗಸದಂತೆ ಕಚ್ಚಿ, ಹೊರಗಿನಿಂದ ಒಳಕ್ಕೆ ನುಣುಪಾಗಿದ್ದರೆ ಟೋ-ಇನ್ ಹೆಚ್ಚಾಗಿದೆ. ಉಲ್ಟಾ ಇದ್ದರೆ ಟೋ-ಔಟ್. ಗರಗಸವಿಲ್ಲದೆ ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್.

ಹಂತ 2: ಗಾಳಿ, ಟೈರ್, ಬ್ರೇಕ್

ನಮ್ಮ ಊರಿನ ಗಾಳಿ ಅಂಗಡಿಯಲ್ಲಿ ಕೇಳದಿದ್ದರೆ ಎಲ್ಲ ಕಾರಿಗೂ 35. ಎಂಎಕ್ಸ್-5ರ 185/60 ಆರ್14 ಟೈರಿಗೆ ಕಂಪನಿ ಹೇಳಿದ್ದು 26 ಪಿಎಸ್‌ಐ. ಹಗುರ ಕಾರಿಗೆ 35 ತುಂಬಿದರೆ ಅದು ರಸ್ತೆಯ ಮೇಲೆ ಕುಣಿಯುತ್ತದೆ, ಕುಣಿತವನ್ನು ಜನ ಅಲೈನ್‌ಮೆಂಟ್ ದೋಷವೆಂದು ತಿಳಿಯುತ್ತಾರೆ. ಟೈರು ತಣ್ಣಗಿರುವಾಗಲೇ ಗಾಳಿ ನೋಡಿ.

ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿ ಮತ್ತೊಮ್ಮೆ ಓಡಿಸಿ. ಎಳೆತದ ದಿಕ್ಕು ಬದಲಾದರೆ ತಪ್ಪು ಟೈರಿನದು, ಮುಂದಿನ ಹಂತಗಳೆಲ್ಲ ಉಳಿದವು. ಪಕ್ಕದ ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣವಿರುವ ಟೈರುಗಳನ್ನು ಹೀಗೆ ಬದಲಿಸಬಾರದು. ಬ್ರೇಕ್ ತುಳಿಯದೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಚಕ್ರಗಳ ಬಳಿ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಆ ಚಕ್ರದ ಬ್ರೇಕ್ ಕ್ಯಾಲಿಪರ್ ಕಚ್ಚಿಕೊಂಡಿದೆ.

ಹಂತ 3: ಎತ್ತರ ಅಳೆಯಿರಿ

ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಒಂದೇ ಆಕ್ಸಲ್ಲಿನ ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿದೆ, ತುಂಡಾಗಿದೆ, ಇಲ್ಲವೆ ಹಿಂದೆಂದೋ ಅಪಘಾತದಲ್ಲಿ ಬಾಡಿ ತಿರುಚಿದೆ. ಸ್ಪ್ರಿಂಗಿನ ಕೊನೆಯ ಸುತ್ತು ರಬ್ಬರ್ ಸೀಟಿನೊಳಗೆ ಮುರಿದಿದ್ದರೆ ಮೇಲಿನಿಂದ ಕಾಣುವುದಿಲ್ಲ, ಬೆರಳು ಹಾಕಿ ಸವರಿ ನೋಡಬೇಕು. ಸ್ಪ್ರಿಂಗ್ ಬದಲಿಸುವುದಿದ್ದರೆ ಈಗಲೇ ಬದಲಿಸಿ. ಎತ್ತರ ಬದಲಾದರೆ ಕೋನಗಳೆಲ್ಲ ಬದಲಾಗುತ್ತವೆ.

ಹಂತ 4: ಸಡಿಲ ಹುಡುಕಿ

ಕಾರನ್ನು ಸ್ಟ್ಯಾಂಡಿನ ಮೇಲೆ ಇರಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡ, ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಕಟಕಟ ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ತುಳಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡಬಲಕ್ಕೆ ಅಲುಗಿಸಿದಾಗ ಆಡಿದರೆ ಟೈ ರಾಡ್ ತುದಿ ಅಥವಾ ಸ್ಟಿಯರಿಂಗಿನ ರ‍್ಯಾಕ್. ಬಾಲ್ ಜಾಯಿಂಟ್ ಆಡುತ್ತಿದ್ದರೆ ಆ ಕಾರನ್ನು ಅಂಗಡಿಯವರೆಗೂ ಓಡಿಸಬೇಡಿ. ಅದು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ.

ಬುಶ್ಶಿಗೆ ಹಾರೆ ಬೇಕು. ಆರ್ಮ್ ಮತ್ತು ಚಾಸಿಯ ನಡುವೆ ಸಿಕ್ಕಿಸಿ ಮೆಲ್ಲಗೆ ಮೀಟಿ. ಒಳ್ಳೆಯ ರಬ್ಬರ್ ಸ್ವಲ್ಪ ಬಾಗಿ ಮರಳಿ ಬರುತ್ತದೆ, ಹೋದದ್ದು ತೂಕಡಿಸಿದಂತೆ ಒಂದು ಕಡೆ ಬಿದ್ದು ಅಲ್ಲೇ ಉಳಿಯುತ್ತದೆ. ನನ್ನ ಕಾರಿನ ಎಡ ಹಿಂದಿನ ಲೋವರ್ ಆರ್ಮ್‌ನಲ್ಲಿ ಒಳಗಿನ ಉಕ್ಕಿನ ಕೊಳವೆ ಬುಶ್ಶಿನ ಮಧ್ಯದಲ್ಲಿರದೆ ಅಂಚಿಗೆ ಒರಗಿತ್ತು. ಸುತ್ತಲಿನ ರಬ್ಬರ್ ಕರಿ ಹುಡಿಯಾಗಿ ಉದುರುತ್ತಿತ್ತು, ಒರೆಸಿದ ಬಟ್ಟೆಗೆ ಕಾಡಿಗೆಯಂತೆ ಅಂಟಿತು. ಮೂರು ಹಸಿರು ಕಾಗದಗಳ ಗುಟ್ಟು ಅಲ್ಲಿತ್ತು.

ಹಂತ 5: ಬೋಲ್ಟ್ ಬಿಚ್ಚಿ, ಬುಶ್ ಬದಲಿಸಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ಎಕ್ಸೆಂಟ್ರಿಕ್ ಬೋಲ್ಟು ಬುಶ್ಶಿನ ಒಳಗೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ಅಂಗಡಿಯಲ್ಲಿ ‘ಈ ಕಾರಿಗೆ ಹಿಂದೆ ಅಡ್ಜಸ್ಟ್‌ಮೆಂಟ್ ಬರುವುದಿಲ್ಲ’ ಎಂದರೆ ಬಹಳಷ್ಟು ಸಲ ಅದರ ಅರ್ಥ ಬೋಲ್ಟು ಹಿಡಿದುಕೊಂಡಿದೆ ಎಂದು.

ಕೆಲಸಕ್ಕೆ ಮೂರು ದಿನ ಮೊದಲಿನಿಂದ ಬೆಳಿಗ್ಗೆ ಸಂಜೆ ತುಕ್ಕಿನ ಎಣ್ಣೆ ಹಾಕಿ. ಬಿಚ್ಚುವ ಮುನ್ನ ಎಕ್ಸೆಂಟ್ರಿಕ್ ತಟ್ಟೆ ಈಗ ಯಾವ ಗೆರೆಯ ಮೇಲಿದೆ ಎಂದು ಬಿಳಿ ಪೇಂಟಿನಿಂದ ಗುರುತು ಹಾಕಿ ಫೋಟೊ ತೆಗೆದಿಡಿ. ಮೊದಲು ನಟ್ಟು ಸಡಿಲಿಸಿ, ಬೋಲ್ಟಿನ ತಲೆಯನ್ನಲ್ಲ. ನಟ್ಟು ಬಂತು, ಬೋಲ್ಟು ತಿರುಗುತ್ತಿಲ್ಲ ಎಂದಾದರೆ ಉದ್ದ ಪೈಪು ಹಾಕಿ ಜಗ್ಗಬೇಡಿ. ತಲೆ ಮುರಿಯುತ್ತದೆ, ಇಲ್ಲವೆ ತಟ್ಟೆಯ ಹಲ್ಲು ಕಿತ್ತುಬರುತ್ತದೆ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ತಿರುಗಿಸಿ, ಅದರ ಮೇಲೆ ಹಿತ್ತಾಳೆಯ ತುಂಡಿಟ್ಟು ಬಡಿಯಿರಿ. ಬರಿ ಥ್ರೆಡ್ಡಿನ ಮೇಲೆ ಬಡಿದರೆ ಬೋಲ್ಟು ಅಣಬೆಯಾಗುತ್ತದೆ, ಆಮೇಲೆ ಅದು ರಂಧ್ರದಿಂದ ಹೊರಬರುವುದೇ ಇಲ್ಲ. ಬೆಂಕಿ ಕೊಡುವುದಿದ್ದರೆ ಬಾಲ್ ಜಾಯಿಂಟ್, ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕಿನಿಂದ ದೂರ, ಬಯಲಿನಲ್ಲಿ ಮಾತ್ರ. ಸುಟ್ಟ ರಬ್ಬರಿನ ಹೊಗೆ ಕುಡಿಯಬೇಡಿ.

ಏನು ಮಾಡಿದರೂ ಬಾರದಿದ್ದರೆ ಆರ್ಮ್‌ನ ಎರಡೂ ಪಕ್ಕ ಬೋಲ್ಟನ್ನು ಕತ್ತರಿಸುವುದೇ ದಾರಿ. ಹೊಸ ಬೋಲ್ಟು, ನಟ್ಟು, ತಟ್ಟೆ ಕೈಗೆ ಬಂದ ಮೇಲೆಯೇ ಕತ್ತರಿಸಿ. ನಾನು ಮೊದಲು ಕತ್ತರಿಸಿ ಆಮೇಲೆ ತರಿಸಿದೆ, ಕಾರು ಒಂದೂವರೆ ತಿಂಗಳು ಸ್ಟ್ಯಾಂಡಿನ ಮೇಲೆ ಕೂತಿತು, ಮನೆಯವರು ಅದರ ಮೇಲೆ ಹಪ್ಪಳ ಒಣಗಿಸಿದರು.

ಹಳೆಯ ಬುಶ್ ತೆಗೆದು ಹೊಸದನ್ನು ಕೂರಿಸಲು ಆರ್ಮ್‌ಗಳನ್ನು ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಲಾರಿಗಳ ಊರಾದ ಹುಬ್ಬಳ್ಳಿಯಲ್ಲಿ ಅಂಥ ಅಂಗಡಿಗಳಿಗೆ ಬರವಿಲ್ಲ. ಆದರೆ ನೀವು ಪಕ್ಕದಲ್ಲೇ ನಿಲ್ಲಿ. ಲಾರಿಯ ಬುಶ್ ಕೂರಿಸಿದ ಕೈಗೆ ಈ ತಗಡಿನ ಆರ್ಮ್ ಸೂಕ್ಷ್ಮವೆಂದು ಹೊಳೆಯುವುದಿಲ್ಲ, ಕಣ್ಣೆದುರೇ ಚಪ್ಪಟೆಯಾಗುತ್ತದೆ. ಆರ್ಮ್‌ನ ಎರಡು ಕಿವಿಗಳ ನಡುವೆ ಆಧಾರ ಕೊಟ್ಟು ಒತ್ತಿಸಿ. ಹೊಸ ಬೋಲ್ಟಿನ ನುಣುಪು ಭಾಗಕ್ಕೆ ತುಕ್ಕು ಹಿಡಿಯದ ಗ್ರೀಸ್ ಹಚ್ಚಿ, ಥ್ರೆಡ್ಡಿಗೆ ಬೇಡ.

ರಬ್ಬರ್ ಬುಶ್ಶೋ ಪಾಲಿಯುರೆಥೇನೋ ಎಂದು ಕೇಳುತ್ತಾರೆ. ನಮ್ಮ ರಸ್ತೆ, ನಮ್ಮ ಧೂಳಿಗೆ ರಬ್ಬರೇ ಸರಿ ಎಂಬುದು ನನ್ನ ಮತ. ಪಾಲಿಯುರೆಥೇನ್ ಆಗಾಗ ಸಿಲಿಕಾನ್ ಗ್ರೀಸ್ ಕೇಳುತ್ತದೆ, ಕೊಡದಿದ್ದರೆ ಎತ್ತಿನ ಗಾಡಿಯಂತೆ ಕಿರುಗುಡುತ್ತದೆ.

ರಬ್ಬರ್ ಹಾಕಿದವರು ತಪ್ಪದೆ ಪಾಲಿಸಬೇಕಾದ ನಿಯಮವೊಂದಿದೆ. ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬುಶ್ಶಿನ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಡಿ. ಬೋಲ್ಟು ಬಿಗಿದಾಗ ರಬ್ಬರಿನ ಒಳಗೊಳವೆ ಚಾಸಿಗೆ ಅಂಟಿಕೊಳ್ಳುತ್ತದೆ, ಹೊರಗೊಳವೆ ಆರ್ಮ್‌ನೊಂದಿಗೆ ತಿರುಗುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಕಾರು ಎತ್ತರಕ್ಕೆ ನಿಲ್ಲುತ್ತದೆ, ಕೋನ ತಪ್ಪುತ್ತದೆ, ಹೊಸ ಬುಶ್ ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿಯಷ್ಟೇ ಮಾಡಿ, ಚಕ್ರ ಹಾಕಿ, ನಾಲ್ಕೂ ಚಕ್ರಗಳನ್ನು ಸಮ ಎತ್ತರದ ದಪ್ಪ ಮರದ ದಿಮ್ಮಿಗಳ ಮೇಲಿಳಿಸಿ, ಕಾರನ್ನು ಒತ್ತಿ ಒತ್ತಿ ಕುಣಿಸಿ. ಅದರ ತೂಕ ಚಕ್ರದ ಮೇಲೇ ಇರುವಾಗ ಕೆಳಗೆ ತೂರಿ ಬಿಗಿಯಿರಿ. ದಿಮ್ಮಿ ಜಾರದಂತೆ ಎರಡೂ ಕಡೆ ಅಡ್ಡಿ ಇರಲಿ, ಚಾಸಿಯ ಕೆಳಗೆ ಸ್ಟ್ಯಾಂಡುಗಳೂ ಇರಲಿ.

ಹಂತ 6: ನೆಲ ಮತ್ತು ದಾರ

ಕಣ್ಣಿಗೆ ಸಮ ಕಾಣುವ ಅಂಗಳವೂ ನೀರು ಹರಿಯಲೆಂದು ಓರೆಯಾಗಿಯೇ ಇರುತ್ತದೆ. ನಾಲ್ಕು ಚಕ್ರ ನಿಲ್ಲುವ ಜಾಗಗಳನ್ನು ನೀರಿನ ಪೈಪಿನಿಂದ ಅಳೆದು, ತಗ್ಗಿದ್ದಲ್ಲಿ ತೆಳು ಪ್ಲೈವುಡ್ ಹಾಕಿ 2 ಮಿ.ಮೀ. ಒಳಗೆ ಸಮ ಮಾಡಿ. ಪ್ರತಿ ಚಕ್ರದಡಿ ಎರಡು ಟೈಲ್ಸ್, ನುಣುಪು ಮುಖಗಳು ಎದುರುಬದುರು, ನಡುವೆ ಗ್ರೀಸ್. ಇದಿಲ್ಲದಿದ್ದರೆ ಟೈರು ನೆಲ ಕಚ್ಚಿಕೊಂಡು ನೀವು ತಿರುಗಿಸಿದ್ದನ್ನು ಮುಚ್ಚಿಡುತ್ತದೆ. ಟೈಲ್ಸ್ ಮೇಲೆ ಕಾರು ಜಾರುತ್ತದೆ, ಆದ್ದರಿಂದ ಕೆಳಗೆ ಕೈ ಹಾಕುವ ಮೊದಲು ಚಾಸಿಯನ್ನು ಹಗ್ಗದಿಂದ ಕಟ್ಟಿ, ತಳ್ಳಿದರೆ ಕದಲುವುದಿಲ್ಲವೆಂದು ನೋಡಿಕೊಳ್ಳಿ. ಚಾಲಕನ ಸೀಟಿನಲ್ಲಿ ನಿಮ್ಮಷ್ಟು ತೂಕ ಇರಲಿ. 50 ಕೆ.ಜಿ. ಸಿಮೆಂಟ್ ಚೀಲ, 20 ಲೀಟರ್ ನೀರಿನ ಕ್ಯಾನು ನನಗೆ ಸರಿಹೋಗುತ್ತದೆ.

ಈಗ ಕಾರಿನ ಎರಡೂ ಪಕ್ಕ ಚಕ್ರದ ನಡುವಿನ ಎತ್ತರದಲ್ಲಿ ದಾರ ಕಟ್ಟಿ. ದಾರಗಳು ಕಾರಿನ ನಡುಗೆರೆಗೆ ಸಮಾನಾಂತರವಾಗಿರಬೇಕು, ಬಾಡಿಗಲ್ಲ. ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಲಿ. ಮುಂದಿನ ಹಬ್‌ನಿಂದ ದಾರಕ್ಕೆ ಎಡಬಲ ಒಂದೇ ದೂರ, ಹಿಂದಿನ ಹಬ್‌ನಿಂದಲೂ ಎಡಬಲ ಒಂದೇ ದೂರ. ಮುಂದಿನ ದೂರ ಮತ್ತು ಹಿಂದಿನ ದೂರ ಒಂದೇ ಇರಬೇಕೆಂದು ಹಟ ಹಿಡಿಯಬೇಡಿ. ಎಂಎಕ್ಸ್-5ರಲ್ಲಿ ಹಿಂದಿನ ಟ್ರ್ಯಾಕ್ (ಎಡಬಲ ಚಕ್ರಗಳ ನಡುವಿನ ಅಂತರ) ಕೊಂಚ ಅಗಲ, ಅಲ್ಲಿ ದಾರ ಹತ್ತಿರವೇ ಬರುತ್ತದೆ. ಇದನ್ನು ತಿಳಿಯದೆ ದಾರವನ್ನು ಹಿಂದಿನ ಟೈರಿಗೆ ತಾಗಿಸಿ ಎಳೆದು ಮುಂದೆ ಅಳೆದವರ ಲೆಕ್ಕವೆಲ್ಲ ತಪ್ಪಾಗಿರುತ್ತದೆ.

ರಿಮ್ಮಿನ ಮುಂದಿನ ಅಂಚಿನಿಂದ ಮತ್ತು ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಮುಂದಿನ ಅಂಚು ದಾರದಿಂದ ಹೆಚ್ಚು ದೂರವಿದ್ದರೆ ಟೋ-ಇನ್, ಹತ್ತಿರವಿದ್ದರೆ ಟೋ-ಔಟ್. ಕ್ಯಾಂಬರಿಗೆ ರಿಮ್ಮಿನ ಪಕ್ಕ ತೂಗುಗುಂಡು ಇಳಿಬಿಟ್ಟು ಮೇಲಿನ ಅಂಚು, ಕೆಳಗಿನ ಅಂಚಿನ ಅಂತರ ನೋಡಿ. ಅಂಚಿನಿಂದ ಅಂಚಿಗೆ 380 ಮಿ.ಮೀ. ಇರುವ 14 ಇಂಚಿನ ರಿಮ್ಮಿನಲ್ಲಿ 6.6 ಮಿ.ಮೀ. ವ್ಯತ್ಯಾಸವೆಂದರೆ ಒಂದು ಡಿಗ್ರಿ.

ಹಂತ 7: ಹಿಂದಿನ ಚಕ್ರ ಮೊದಲು

ಕಾರು ಹೋಗುವ ದಿಕ್ಕನ್ನು ಹಿಂದಿನ ಚಕ್ರಗಳು ತೀರ್ಮಾನಿಸುತ್ತವೆ. ನನ್ನ ಕಾರಿನಲ್ಲಿ ಎಡ ಹಿಂದಿನ ಚಕ್ರ 2.5 ಮಿ.ಮೀ. ಟೋ-ಔಟ್, ಬಲ ಹಿಂದಿನದು 2 ಮಿ.ಮೀ. ಟೋ-ಇನ್. ಎರಡನ್ನೂ ಕೂಡಿಸಿದರೆ ಸೊನ್ನೆಗೆ ಹತ್ತಿರ, ಕಾಗದದಲ್ಲಿ ಒಟ್ಟು ಟೋ ಹಸಿರು. ನಿಜದಲ್ಲಿ ಎರಡೂ ಚಕ್ರಗಳು ಎಡಕ್ಕೆ ಮುಖಮಾಡಿದ್ದವು. ಹಿಂಭಾಗ ಎಡಕ್ಕೆ ಸರಿಯುತ್ತಿತ್ತು, ನೇರ ಹೋಗಲು ನಾನು ಸ್ಟಿಯರಿಂಗನ್ನು ಐದಾರು ಡಿಗ್ರಿ ಎಡಕ್ಕೆ ಹಿಡಿಯಬೇಕಿತ್ತು. ಅಂಗಡಿಯವರು ಮುಂದಿನ ಟೈ ರಾಡ್ ತಿರುಗಿಸಿ ಅದನ್ನು ಮರೆಮಾಚಿದ್ದರು.

ಮೊದಲು ಕ್ಯಾಂಬರ್, ಆಮೇಲೆ ಟೋ. ಲೋವರ್ ಆರ್ಮ್‌ನ ಎರಡೂ ಎಕ್ಸೆಂಟ್ರಿಕ್‌ಗಳನ್ನು ಒಂದೇ ದಿಕ್ಕಿಗೆ ಸರಿಸಿದರೆ ಕ್ಯಾಂಬರ್ ಬದಲಾಗುತ್ತದೆ, ಒಂದನ್ನು ಮಾತ್ರ ಸರಿಸಿದರೆ ಮುಖ್ಯವಾಗಿ ಟೋ. ಒಂದು ಸಲಕ್ಕೆ ಒಂದೇ ಗೆರೆ ಸರಿಸಿ, ಕಾರನ್ನು ಒತ್ತಿ ಕುಣಿಸಿ, ಮತ್ತೆ ಅಳೆಯಿರಿ. ಬೋಲ್ಟು ಬಿಗಿಯುವಾಗ ತಟ್ಟೆ ಕದಲುವುದುಂಟು, ಬಿಗಿದ ಮೇಲಿನ ಅಳತೆಯೇ ಅಳತೆ. ಊರಿನ ಓಡಾಟ, ಆಗೊಮ್ಮೆ ಘಟ್ಟ ಎನ್ನುವಂತಿದ್ದರೆ ಹಿಂದೆ 1.5 ಡಿಗ್ರಿ ನೆಗೆಟಿವ್ ಕ್ಯಾಂಬರ್, ಎರಡೂ ಚಕ್ರ ಸೇರಿ 2ರಿಂದ 3 ಮಿ.ಮೀ. ಟೋ-ಇನ್, ಎಡಬಲ ಸಮ. ಹಿಂದೆ ಟೋ-ಔಟ್ ಎಂದೂ ಬಿಡಬೇಡಿ, ಮಳೆಯಲ್ಲಿ ಕಾರು ಸುತ್ತಿಕೊಳ್ಳುತ್ತದೆ.

ಹಂತ 8: ಮುಂದಿನ ಚಕ್ರ, ಕೊನೆಗೆ ಸ್ಟಿಯರಿಂಗ್

ಮುಂದೆ ಕ್ಯಾಸ್ಟರ್, ಕ್ಯಾಂಬರ್, ಟೋ: ಈ ಕ್ರಮ ತಪ್ಪಬಾರದು. ಕ್ಯಾಂಬರ್ ಮುಟ್ಟಿದರೆ ಟೋ ಹಾಳಾಗುತ್ತದೆ, ಟೋ ಮುಟ್ಟಿದರೆ ಕ್ಯಾಂಬರಿಗೆ ಅಷ್ಟೇನೂ ಆಗುವುದಿಲ್ಲ. ಕ್ಯಾಸ್ಟರ್ ತಿಳಿಯಲು ಚಕ್ರವನ್ನು 20 ಡಿಗ್ರಿ ಹೊರಕ್ಕೆ, ಮತ್ತೆ 20 ಡಿಗ್ರಿ ಒಳಕ್ಕೆ ತಿರುಗಿಸಿ ಎರಡೂ ಕಡೆ ಕ್ಯಾಂಬರ್ ಅಳೆದು, ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿ. ಎಂಎಕ್ಸ್-5ಕ್ಕೆ 4.5 ಡಿಗ್ರಿ ಅಥವಾ ತುಸು ಹೆಚ್ಚು, ಕ್ಯಾಂಬರ್ ನೆಗೆಟಿವ್ 1 ಡಿಗ್ರಿ. ಅಂಕಿಗಿಂತ ಎಡಬಲದ ಸಮತೋಲ ಮುಖ್ಯ, 0.3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ, ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ ಕಾರು ಎಳೆಯುತ್ತದೆ.

ಟೋಗೆ ಮೊದಲು ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ತನ್ನಿ. ಅಲ್ಲಿ ಸ್ಟಿಯರಿಂಗ್ ನೇರ ಇಲ್ಲದಿದ್ದರೆ ಹಿಂದೆ ಯಾರೋ ಅದನ್ನು ಕಳಚಿ ತಪ್ಪು ಹಲ್ಲಿಗೆ ಕೂರಿಸಿದ್ದಾರೆ. ಅದನ್ನು ಹಲ್ಲಿನಲ್ಲೇ ಸರಿಪಡಿಸಬೇಕು, ಟೈ ರಾಡಿನಲ್ಲಲ್ಲ. ಏರ್‌ಬ್ಯಾಗ್ ಇದ್ದರೆ ಸ್ಟಿಯರಿಂಗ್ ಕಳಚುವ ಕೆಲಸ ತಿಳಿದವರಿಗೆ ಬಿಡಿ. ನೇರ ಮಾಡಿ ಸೀಟಿಗೆ ಹಗ್ಗದಿಂದ ಕಟ್ಟಿ, ಎರಡೂ ಟೈ ರಾಡ್‌ಗಳ ಲಾಕ್ ನಟ್ಟು ಬಿಚ್ಚಿ, ಪ್ರತಿ ಚಕ್ರವನ್ನು ಅದರದರ ದಾರಕ್ಕೆ ಹೊಂದಿಸಿ. ನನ್ನ ಕಾರಿನಲ್ಲಿ ಕಾಲು ಸುತ್ತಿಗೆ ರಿಮ್ಮಿನ ಬಳಿ ಒಂದು ಮಿ.ಮೀ.ಗಿಂತ ಹೆಚ್ಚೇ ಬದಲಾಗುತ್ತದೆ, ಆದ್ದರಿಂದ ಆತುರ ಬೇಡ. ರಬ್ಬರ್ ಬೂಟು ತಿರುಚಿಕೊಳ್ಳದಂತೆ ಅದರ ಕ್ಲಿಪ್ಪು ಸಡಿಲಿಸಿ. ಒಟ್ಟು ಟೋ ಸೊನ್ನೆಯಿಂದ 1 ಮಿ.ಮೀ. ಇನ್. ಇದೇ ರಿಮ್ಮಿನಲ್ಲಿ ಒಟ್ಟು 3 ಮಿ.ಮೀ. ಬಿಟ್ಟರೆ ಒಂದೊಂದು ಟೈರೂ ಕಿಲೋಮೀಟರಿಗೆ ಸುಮಾರು 4 ಮೀಟರ್ ಅಡ್ಡ ಉಜ್ಜಿಕೊಂಡು ಹೋಗುತ್ತದೆ.

ಹಂತ 9: ಮತ್ತೆ ರಸ್ತೆಗೆ

ಹೊರಡುವ ಮುನ್ನ ಪ್ರತಿ ನಟ್ಟಿಗೂ ಟಾರ್ಕ್ ರೆಂಚ್ ಹಾಕಿ, ಹಾಕಿದ್ದಕ್ಕೆ ಪೇಂಟಿನ ಗೆರೆ ಎಳೆಯಿರಿ. ಗೆರೆಯಿಲ್ಲದ ನಟ್ಟು ಕಂಡರೆ ಬೀಗದ ಕೈ ಜೇಬಿನಲ್ಲೇ ಇರಲಿ. ಚಕ್ರದ ನಟ್ಟಿಗೆ ಮಾಜ್ದಾ ಹೇಳುವುದು 88ರಿಂದ 118 ನ್ಯೂಟನ್ ಮೀಟರ್. ಮೊದಲು ಓಣಿಯಲ್ಲಿ ನಿಧಾನವಾಗಿ, ಬ್ರೇಕ್ ಹಾಕುತ್ತ, ಎರಡೂ ಕಡೆ ತಿರುಗಿಸುತ್ತ ಓಡಿಸಿ, ಆಮೇಲೆ 1ನೇ ಹಂತದ ಅದೇ ರಸ್ತೆಗೆ ಅದೇ ವೇಗದಲ್ಲಿ ಹೋಗಿ.

ಸ್ಟಿಯರಿಂಗ್ ತುಸು ಓರೆ ಅನಿಸಿದರೆ ಎರಡೂ ಟೈ ರಾಡ್‌ಗಳನ್ನು ಸಮ ಪ್ರಮಾಣದಲ್ಲಿ, ಒಂದನ್ನು ಉದ್ದಕ್ಕೆ ಇನ್ನೊಂದನ್ನು ಗಿಡ್ಡಕ್ಕೆ ತಿರುಗಿಸಿ. ಹಾಗೆ ಮಾಡಿದರೆ ಒಟ್ಟು ಟೋ ಬದಲಾಗದು. ಹೊಸ ರಬ್ಬರ್ ಕೂತುಕೊಳ್ಳಲು ಸಮಯ ಬೇಕು, 500 ಕಿ.ಮೀ. ಆದ ಮೇಲೆ ದಾರ ಕಟ್ಟಿ ಇನ್ನೊಮ್ಮೆ ಅಳೆಯಿರಿ. ನನ್ನದರಲ್ಲಿ ಆಗ ಹಿಂದಿನ ಎಡ ಚಕ್ರದ ಟೋ ಅರ್ಧ ಮಿ.ಮೀ. ಜರುಗಿತ್ತು, ಒಂದು ಗೆರೆಗಿಂತ ಕಡಿಮೆ ತಿರುಗಿಸುವುದರಲ್ಲಿ ಸರಿಹೋಯಿತು. ಅಂಕಿಗಳನ್ನು ಬರೆದ ಚೀಟಿ ಈಗ ಗ್ಲೋವ್ ಬಾಕ್ಸಿನಲ್ಲಿದೆ, ಆ ಮೂರು ಹಸಿರು ಕಾಗದಗಳ ಹಿಂಬದಿಯಲ್ಲೇ ಬರೆದದ್ದು.